ಭ್ರೂಣದಲ್ಲಿ ನ್ಯೂರಲ್ ಕ್ರೆಸ್ಟ್ ಕೋಶಗಳು (ಮುಂದೆ ವಲಸೆ ಹೋಗಿ ಮುಖದ ಮೂಳೆ, ನರ ಮುಂತಾದವಾಗುವ ಕೋಶಗಳು) ಎಲ್ಲಿ ಹುಟ್ಟಬೇಕೆಂದು ತೀರ್ಮಾನಿಸುವುದು ಯಾವುದು?

ಯಾವುದೋ ಒಂದು ಜೀನ್ ಅಲ್ಲ, ಅಕ್ಕಪಕ್ಕದ ಅಂಗಾಂಶಗಳು ಸ್ರವಿಸುವ ಸಂಕೇತ ಪ್ರೋಟೀನುಗಳ ಪ್ರಮಾಣ. ಭ್ರೂಣದ ಹೊರಪದರದಲ್ಲಿ ಬಿಎಂಪಿ ಎಂಬ ಪ್ರೋಟೀನಿನ ಪ್ರಭಾವ ಹೆಚ್ಚಿದ್ದಲ್ಲಿ ಚರ್ಮವಾಗುತ್ತದೆ, ತೀರಾ ಕಡಿಮೆಯಿದ್ದಲ್ಲಿ ಮಿದುಳು, ಬೆನ್ನುಹುರಿ. ಎರಡರ ಗಡಿಯಲ್ಲಿ ಅದು ನಡುಮಟ್ಟದಲ್ಲಿರುತ್ತದೆ. ಅದಕ್ಕೆ ವಿಂಟ್, ಎಫ್‌ಜಿಎಫ್ ಎಂಬ ಬೇರೆ ಸಂಕೇತ ಪ್ರೋಟೀನುಗಳೂ ಸೇರಿದಾಗ ಅಲ್ಲಿನ ಕೋಶಗಳಲ್ಲಿ ಪ್ಯಾಕ್ಸ್3ರಂಥ ಜೀನುಗಳು ಚಾಲೂ ಆಗಿ, ಸ್ನೇಲ್2, ಸಾಕ್ಸ್10 ಜೀನುಗಳನ್ನು ಎಬ್ಬಿಸುತ್ತವೆ; ಹೀಗೆ ಆ ಕೋಶಗಳು ನ್ಯೂರಲ್ ಕ್ರೆಸ್ಟ್ ಕೋಶಗಳಾಗುತ್ತವೆ. ಸ್ನೇಲ್2 ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟು ಪ್ರೋಟೀನನ್ನು ತಗ್ಗಿಸುತ್ತದೆ. ಅವು ಸಾಲು ಬಿಟ್ಟು ವಲಸೆ ಹೊರಡುತ್ತವೆ. ಮುಖದ ಮೂಳೆ, ಹಲವು ನರಗಳು, ಚರ್ಮದ ಬಣ್ಣದ ಕೋಶಗಳು ಇವುಗಳಿಂದಲೇ.

ಪ್ಯಾಕ್ಸ್3ರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ವಾರ್ಡನ್‌ಬರ್ಗ್ ಸಿಂಡ್ರೋಮ್ ಬರಬಹುದು: ಬಣ್ಣದ ಕೋಶಗಳ ಕೊರತೆಯಿಂದ ಅನೇಕರಿಗೆ ಹಣೆಯ ಮೇಲೊಂದು ಬಿಳಿ ಕೂದಲ ಗೊಂಚಲು, ಕೆಲವರಿಗೆ ಹುಟ್ಟುಕಿವುಡು ಕೂಡ.