ಮರದ ತೊಗಟೆಯನ್ನು ಒಣಗಿಸಿದರೆ ಅದರಲ್ಲಿರುವ ಉಪಯುಕ್ತ ಅಂಶಗಳು ಹಾಳಾಗುತ್ತವೆಯೇ?

ಕೆಲವು ಕಡಿಮೆಯಾಗುತ್ತವೆ, ಕೆಲವು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಎಷ್ಟು ಬಿಸಿಯಲ್ಲಿ ಮತ್ತು ಎಷ್ಟು ಬೇಗ ಒಣಗಿಸಲಾಯಿತು ಎಂಬುದೇ ಇಲ್ಲಿ ನಿರ್ಣಾಯಕ.

ಇದಕ್ಕೆ ಮುಖ್ಯ ಕಾರಣ ತೊಗಟೆಯಲ್ಲಿರುವ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು. ಜೀವಂತ ಕೋಶದಲ್ಲಿ ಇವು ಟ್ಯಾನಿನ್‌ನಂತಹ ಒಗರು ಪದಾರ್ಥಗಳಾದ ಪಾಲಿಫೀನಾಲ್‌ಗಳಿಂದ ಬೇರೆಯಾಗಿರುತ್ತವೆ. ತೊಗಟೆಯನ್ನು ಸುಲಿದಾಗ ಕೋಶಗಳು ಒಡೆದು ಎರಡೂ ಬೆರೆಯುತ್ತವೆ, ಗಾಳಿಯ ಆಮ್ಲಜನಕವೂ ಸೇರಿ ಪಾಲಿಫೀನಾಲ್‌ಗಳು ಬೇರೆ ಪದಾರ್ಥಗಳಾಗಿ ಮಾರ್ಪಡುತ್ತವೆ. ಆಗ ತಾನೇ ಸುಲಿದ ತೊಗಟೆಯ ತಿಳಿಬಣ್ಣದ ಒಳಮೈ ಸ್ವಲ್ಪ ಹೊತ್ತಿನಲ್ಲೇ ಕಂದಾಗುವುದು ಇದರಿಂದಲೇ. ತೇವ ಇರುವವರೆಗೂ ಈ ಕ್ರಿಯೆ ನಿಲ್ಲುವುದಿಲ್ಲ. ಆದ್ದರಿಂದ ಗಾಳಿಯಾಡದ ಜಾಗದಲ್ಲಿ ನಿಧಾನವಾಗಿ ಒಣಗಿದ ತೊಗಟೆ ಹೆಚ್ಚು ನಷ್ಟ ಅನುಭವಿಸುತ್ತದೆ, ಬೂಷ್ಟು ಹಿಡಿಯುವ ಭಯವೂ ಇರುತ್ತದೆ.

ಹಾಗೆಂದು ಬಿಸಿಯನ್ನು ವಿಪರೀತ ಏರಿಸುವುದೂ ಸರಿಯಲ್ಲ. ದಾಲ್ಚಿನ್ನಿಯ ಪರಿಮಳಕ್ಕೆ ಕಾರಣವಾದ ತೈಲ ಸುಲಭವಾಗಿ ಆವಿಯಾಗುವಂಥದ್ದು. ಅಂತಹ ತೊಗಟೆಗಳಿಗೆ ನೆರಳು, ಒಳ್ಳೆಯ ಗಾಳಿ ಮತ್ತು ಸುಮಾರು 40 ಡಿಗ್ರಿ ಸೆಲ್ಸಿಯಸ್ ಮೀರದ ಉಷ್ಣತೆ ಹೆಚ್ಚು ಸುರಕ್ಷಿತ. ಸಿಂಕೋನಾ ಮರದ ತೊಗಟೆಯಲ್ಲಿರುವ ಮಲೇರಿಯಾ ಔಷಧ ಕ್ವಿನೈನ್ ಇಷ್ಟು ಸೂಕ್ಷ್ಮವಲ್ಲ.

ಒಣಗಿಸುವುದು ಯಾವಾಗಲೂ ನಷ್ಟವೇ ಅಲ್ಲ ಎಂಬುದನ್ನೂ ಗಮನಿಸಬೇಕು. ವಿರೇಚಕವಾಗಿ ಬಳಸುವ ಕ್ಯಾಸ್ಕರಾ ತೊಗಟೆ ಹಸಿಯಾಗಿದ್ದಾಗ ವಾಂತಿ ತರಿಸುತ್ತದೆ. ಅದನ್ನು ಒಣಗಿಸಿ ಸುಮಾರು 1 ವರ್ಷ ಇಟ್ಟಾಗ, ಅದರ ತೀಕ್ಷ್ಣ ಅಂಶಗಳು ಆಮ್ಲಜನಕದೊಂದಿಗೆ ವರ್ತಿಸಿ ಸೌಮ್ಯವಾಗುತ್ತವೆ.