‘ತುಂಬಾ ಶಾಂತ, ಮಕ್ಕಳಿಗೂ ಸೈ’

ಪ್ರಿಯ ಓದುಗರೇ,

ಕುದುರೆ ಮಾರಾಟದ ಜಾಹೀರಾತುಗಳ ಬಗ್ಗೆ ನಾವು ಹಾಕಿದ ಹಾಸ್ಯ ಪುಟ ಓದಿ, ನೊಂದು ಬರೆದಿದ್ದೀರಿ. ‘ಮಕ್ಕಳಿಗೂ ಸೈ’ ಎಂಬ ಮಾತು ನಂಬಿ ಮಗಳಿಗೆ ಕುದುರೆ ಕೊಂಡಿರಿ. ಮೊದಲ ವಾರವೇ ಅದು ಅವಳನ್ನು ಕೆಡವಿತು. ‘ಇದರಲ್ಲಿ ನಗೋದಕ್ಕೆ ಏನಿದೆ?’ ಎಂದು ಕೇಳಿದ್ದೀರಿ. ಅವಳು ಈಗ ಹುಷಾರಾಗಿದ್ದಾಳೆ ಎಂದು ಓದಿ ಸಮಾಧಾನವಾಯಿತು.

ಆದರೂ ನಗಬೇಕು ಎಂದೇ ನನ್ನ ಅಭಿಪ್ರಾಯ. ಈ ಜಾಹೀರಾತುಗಳನ್ನು ಓದುವುದು ಹೇಗೆಂದು ನಗುವೇ ಕಲಿಸುತ್ತದೆ. ‘ಚುರುಕು’ ಎಂದರೆ ಓಡಲು ಶುರುಮಾಡಿದರೆ ನಿಲ್ಲುವುದಿಲ್ಲ. ‘ಅನುಭವಿ ಸವಾರರಿಗೆ ಮಾತ್ರ’ ಎಂದರೆ ಮಾಲೀಕರೇ ಒಂದೆರಡು ಸಲ ಬಿದ್ದಿದ್ದಾರೆ. ‘ತುಂಬಾ ಶಾಂತ’ ಎಂದರೆ ಮೊದಲು ವಯಸ್ಸು ಕೇಳಿ. ಎಷ್ಟೋ ಸಲ ಆ ಶಾಂತಿ ಮುಪ್ಪಿನಿಂದ ಬಂದದ್ದು.

ಈ ಮಾತುಗಳಲ್ಲಿ ಒಂದಾದರೂ ಅಂಕಿ ಇದೆಯೇ? ಇಲ್ಲ ಅಲ್ವಾ? ಅಲ್ಲೇ ಇರುವುದು ಜಾಣತನ. ವರ್ಣನೆ ಕೊಟ್ಟು ಮಾರಿದ ಮಾಲು ಆ ವರ್ಣನೆಗೆ ಹೊಂದಲೇಬೇಕು ಎನ್ನುತ್ತದೆ ನಮ್ಮ 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್. ‘15 ಹ್ಯಾಂಡ್ ಎತ್ತರ’ ಎಂದು ಬರೆದರೆ ಅಳೆದು ನೋಡಬಹುದು. ಒಂದು ಹ್ಯಾಂಡ್ ಎಂದರೆ 4 ಇಂಚು. ‘6 ವರ್ಷ’ ಎಂದರೆ ಹಲ್ಲು ನೋಡಬಹುದು. 5 ವರ್ಷದ ಹೊತ್ತಿಗೆ ಮುಂದಿನ ಹಾಲುಹಲ್ಲೆಲ್ಲ ಉದುರಿ ಹೊಸವು ಬಂದಿರುತ್ತವೆ. 10ರ ಸುಮಾರಿಗೆ ಮೇಲಿನ ಮೂಲೆ ಹಲ್ಲಿನ ಬುಡದಲ್ಲಿ ಒಂದು ಗೆರೆ ಕಾಣಿಸುತ್ತದೆ. 20ರ ಸುಮಾರಿಗೆ ಅದು ಹಲ್ಲಿನ ತುದಿ ಮುಟ್ಟುತ್ತದೆ. ‘ಮುದ್ದಾದ ಸ್ವಭಾವ’ವನ್ನು ಮಾತ್ರ ಯಾವ ಟೇಪಿನಲ್ಲೂ ಅಳೆಯಲಾಗದು, ಯಾವ ಕೋರ್ಟಿನಲ್ಲೂ ಹಿಡಿಯುವುದು ಕಷ್ಟ.

ನನಗೂ ನಗು ಬಾರದ ಮೋಸಗಳಿವೆ. ಹಿಂದೆ ಇಂಗ್ಲೆಂಡಿನ ಕೆಲವು ದಲ್ಲಾಳಿಗಳು ಮುದಿ ಕುದುರೆಯ ಹಲ್ಲು ಕೊರೆದು, ಕಪ್ಪು ಮಾಡಿ, ಎಳೆಯದೆಂದು ಮಾರುತ್ತಿದ್ದರು. ಚುರುಕಾಗಿ ಕಾಣಲೆಂದು ಬಾಲದ ಕೆಳಗೆ ಶುಂಠಿ ಇಡುತ್ತಿದ್ದರು. ಪ್ರಾಣಿಗೆ ನೋವು ಕೊಟ್ಟು ಮಾಡುವ ಇಂಥದ್ದು ನಮ್ಮ ಹಾಸ್ಯ ಪುಟಕ್ಕೆ ಯಾವತ್ತೂ ಬರುವುದಿಲ್ಲ.

ಇನ್ನೊಂದು ಕುದುರೆ ಕೊಳ್ಳುವ ಆಸೆ ಮಗಳಿಗಿದೆ ಎಂದಿದ್ದೀರಿ. ಕೊಡಿಸಿ. ‘ನಾವು ಬಂದ ಮೇಲೇ ಜೀನು ಹಾಕಿ’ ಎಂದು ಮೊದಲೇ ಫೋನಿನಲ್ಲಿ ಹೇಳಿ. ನೀವು ಹೋಗುವಷ್ಟರಲ್ಲಿ ಕುದುರೆ ಬೆವರಿ ನಿಂತಿದ್ದರೆ, ಓಡಿಸಿ ದಣಿಸಿರಬಹುದು ಎಂದು ಅನುಮಾನಪಡಿ. ಮಗಳಿಗಿಂತ ಮೊದಲು ಮಾಲೀಕರು ಹತ್ತಿ ತೋರಿಸಲಿ. ಪಶುವೈದ್ಯರನ್ನು ನೀವೇ ಕರೆದುಕೊಂಡು ಹೋಗಿ. ಮಂಪರು ಬರಿಸುವ ಮದ್ದು ಕೊಟ್ಟಿದ್ದಾರೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ವಯಸ್ಸು, ಎತ್ತರ, ಹಳೆಯ ಗಾಯ, ಹಿಂದೆ ಯಾರನ್ನಾದರೂ ಕೆಡವಿದೆಯೇ, ಎಲ್ಲವನ್ನೂ ರಸೀದಿಯಲ್ಲೇ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ, ಕುದುರೆ ಎಷ್ಟೇ ಚೆಂದ ಇರಲಿ, ವಾಪಸ್ ಬಂದುಬಿಡಿ.

– ಸಂಪಾದಕ