‘ಮೈ ನೋವಿಗೇ ಇಷ್ಟು ಖರ್ಚು, ಈಗ ಮನಸ್ಸಿಗೂ ಡಾಕ್ಟರಾ?’

ಪತ್ರ: ನನಗೆ 38 ವರ್ಷ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ನಾಲ್ಕು ವರ್ಷದಿಂದ ರುಮಟಾಯ್ಡ್ ಸಂಧಿವಾತ, ಹುಬ್ಬಳ್ಳಿಯಲ್ಲಿ ತೋರಿಸುತ್ತಿದ್ದೇನೆ. ಯಜಮಾನರು ಒಳ್ಳೆಯವರು. ಅತ್ತೆ ಮಾತ್ರ ‘ನಮ್ಮ ಕಾಲದಲ್ಲೂ ಕೈಕಾಲು ನೋಯುತ್ತಿತ್ತು’ ಅನ್ನುತ್ತಾರೆ. ಇತ್ತೀಚೆಗೆ ಯಾವುದೂ ಬೇಡ ಅನಿಸುತ್ತದೆ, ನಿದ್ದೆಯಿಲ್ಲ, ವಾರದ ಮಾತ್ರೆಯನ್ನೂ ಒಮ್ಮೊಮ್ಮೆ ಬಿಡುತ್ತೇನೆ. ರಾತ್ರಿ ಮಲಗಿದವಳು ಬೆಳಿಗ್ಗೆ ಏಳದಿದ್ದರೆ ಎಲ್ಲರಿಗೂ ಸುಲಭ ಅನಿಸುತ್ತದೆ. ಇಷ್ಟು ಖರ್ಚಿನ ಮೇಲೆ ಮನಸ್ಸಿಗೂ ಡಾಕ್ಟರು ಬೇಕು ಅಂತ ಮನೆಯಲ್ಲಿ ಹೇಗೆ ಹೇಳಲಿ?

ಉತ್ತರ:

ತಂಗಿ, ಖರ್ಚಿನ ಮಾತು ಆಮೇಲೆ. ಮೊದಲು ‘ಬೆಳಿಗ್ಗೆ ಏಳದಿದ್ದರೆ’ ಅಂತ ಬರೆದಿದ್ದೀರಲ್ಲ, ಅದರ ಬಗ್ಗೆ ಮಾತಾಡೋಣ. ಸುಮ್ನೆ ಬೇಜಾರಿನಲ್ಲಿ ಬರೆದೆ ಅಂತ ನೀವು ಹೇಳಬಹುದು, ಆದರೆ ನಾನು ಅದನ್ನು ಹಾಗೆ ಬಿಡುವುದಿಲ್ಲ. ಆ ಯೋಚನೆ ಎಷ್ಟು ಸಲ ಬರುತ್ತದೆ? ಏನಾದರೂ ಮಾಡಿಕೊಳ್ಳಬೇಕು, ಹೇಗೆ ಮಾಡಿಕೊಳ್ಳಬೇಕು ಅನ್ನುವವರೆಗೂ ಹೋಗಿದೆಯಾ? ಹೋಗಿದ್ದರೆ ಈ ಪತ್ರ ಪೂರ್ತಿ ಓದುವುದೂ ಬೇಡ. ಈಗಲೇ ಯಜಮಾನರನ್ನು ಕರೆದು ಹೇಳಿ, ಮಾತ್ರೆಗಳನ್ನೂ ತೋಟದ ಔಷಧಿಗಳನ್ನೂ ಅವರೇ ಬೀಗ ಹಾಕಿ ಇಡಲಿ, ಇವತ್ತೇ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಹೋಗಿಲ್ಲ ಅಂದರೂ 14416 ಅನ್ನುವ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಅದು ಟೆಲಿ ಮನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಎರಡು ಗಂಟೆಗೆ ಮನೆಯವರೆಲ್ಲ ಮಲಗಿದ್ದಾಗ ನಿಮಗೆ ಒಬ್ಬರೇ ಅನಿಸುತ್ತದಲ್ಲ, ಆ ಹೊತ್ತಿಗೂ ಅಲ್ಲಿ ಫೋನ್ ಎತ್ತುವವರು ಇರುತ್ತಾರೆ.

ಈಗ ನಿಮ್ಮ ಪ್ರಶ್ನೆ. ನೀವು ಮೈಯ ರೋಗ ಬೇರೆ, ಮನಸ್ಸಿನದು ಬೇರೆ, ಇದು ಎರಡನೇ ಖರ್ಚು ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಎರಡೂ ಒಂದೇ ಲೆಕ್ಕದಲ್ಲಿ ಬರುವಂಥದ್ದು. ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ, ಉರಿಯೂತ ಹುಟ್ಟುತ್ತದೆ. ಆ ಉರಿಯೂತ ಬೆರಳಿನ ಗಂಟಿನಲ್ಲೇ ನಿಲ್ಲುವುದಿಲ್ಲ. ಸುಸ್ತು, ನಿದ್ದೆ, ಮನಸ್ಸಿನ ಉತ್ಸಾಹ ಎಲ್ಲದಕ್ಕೂ ಅದರ ಪೆಟ್ಟು ತಾಗುತ್ತದೆ. ಸಂಧಿವಾತ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಜಾಸ್ತಿ ಅನ್ನುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಖಿನ್ನತೆ ಬಂದರೆ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದರೆ ಕೀಲು ಬಿಗಿಯುತ್ತದೆ, ಕೀಲು ಬಿಗಿದರೆ ಮನಸ್ಸು ಇನ್ನೂ ಕುಸಿಯುತ್ತದೆ. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವುದು ಇದೇ. ಅಂದಮೇಲೆ ಮನಸ್ಸಿಗೆ ಔಷಧಿ ಮಾಡದೆ ಕೀಲಿಗೆ ಸುರಿದ ದುಡ್ಡು ಪೂರ್ತಿ ಕೆಲಸ ಮಾಡುವುದಾದರೂ ಹೇಗೆ? ಯಜಮಾನರಿಗೆ ಹೀಗೇ ಹೇಳಿ. ತೋಟದವರಿಗೆ ಇದು ಬೇಗ ತಿಳಿಯುತ್ತದೆ, ಕಾಯಿ ಉದುರಲಿ ಆಮೇಲೆ ನೋಡೋಣ ಅಂತ ಕೊಳೆರೋಗಕ್ಕೆ ಯಾರೂ ಕಾಯುವುದಿಲ್ಲ, ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತಾರೆ.

ಅಂದಹಾಗೆ, ನಿಮ್ಮ ವಾರದ ಮಾತ್ರೆ ಮೆಥೋಟ್ರೆಕ್ಸೇಟ್ ಆಗಿದ್ದರೆ, ತಪ್ಪಿಹೋಯಿತು ಅಂತ ಎರಡು ಡೋಸ್ ಒಟ್ಟಿಗೆ ನುಂಗಬೇಡಿ, ದಿನಾ ತಗೊಂಡು ಸರಿದೂಗಿಸಲೂ ಹೋಗಬೇಡಿ. ಅದು ಅಪಾಯ. ತಪ್ಪಿದೆ ಅಂತ ಡಾಕ್ಟರಿಗೆ ಹೇಳಿ, ಬೈದರೂ ಹೇಳಿ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ‘ಹೇಗಿದ್ದೀರಿ’ ಅಂತ ಅವರು ಕೇಳಿದರೆ ‘ಪರವಾಗಿಲ್ಲ’ ಅನ್ನಬೇಡಿ. ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂತು, ಅಲ್ಲಿ ಅರ್ಧ ದಿನ ಕಾದು, ಒಳಗೆ ಹೋದ ಮೇಲೆ ಎರಡು ನಿಮಿಷದಲ್ಲಿ ಪರವಾಗಿಲ್ಲ ಅಂದು ಹೊರಗೆ ಬರುವವರೇ ನಮ್ಮಲ್ಲಿ ಜಾಸ್ತಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕಿದ್ದು ಏನು ಅನಿಸುತ್ತದೆ, ಎಷ್ಟು ದಿನದಿಂದ. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯನ್ನೇ ಕೊಡಿ. ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಏನಾಗಿದೆ ಅಂತಲೂ ನೋಡಲು ಹೇಳಿ, ಅವೆರಡೂ ಇದೇ ಥರ ಸುಸ್ತು ಮಾಡುತ್ತವೆ. ಸ್ಟೆರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದರಿಂದಲೂ ನಿದ್ದೆ ಕೆಡಬಹುದು. ಆದರೆ ಅದನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರೇ ನಿಧಾನಕ್ಕೆ ಇಳಿಸಬೇಕು.

ಮನಸ್ಸಿನ ಡಾಕ್ಟರಿಗೆ ಮಾತ್ರ ಹುಬ್ಬಳ್ಳಿಯವರೆಗೆ ಹೋಗಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ಈ ವಾರ ಬರುತ್ತಾರಾ ಅಂತ ಒಂದು ಫೋನ್ ಮಾಡಿ ಹೋಗಿ. ಸರ್ಕಾರಿ ಆಸ್ಪತ್ರೆ, ಹಾಗಾಗಿ ನಿಮ್ಮ ಖರ್ಚಿನ ಚಿಂತೆ ಬಹುಪಾಲು ಅಲ್ಲೇ ಮುಗಿಯುತ್ತದೆ. ಪರಿಚಯದವರು ಸಿಗುತ್ತಾರೆ ಅನ್ನುವ ಹೆದರಿಕೆ ಇದ್ದರೆ ಟೆಲಿ ಮನಸ್‌ನಿಂದ ಶುರು ಮಾಡಿ. ಮನೋವೈದ್ಯರು ಮಾತ್ರೆ ಕೊಟ್ಟರೆ ಎರಡು ದಿನಕ್ಕೇ ಗುಣ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಹುಬ್ಬಳ್ಳಿಯ ಔಷಧಿ ಚೀಟಿಯನ್ನು ಇವರಿಗೂ, ಇವರ ಚೀಟಿಯನ್ನು ಅವರಿಗೂ ತೋರಿಸಿ.

ಇನ್ನು ಅತ್ತೆ. ಅವರ ಮಾತು ಚುಚ್ಚುತ್ತದೆ, ಒಪ್ಪಿದೆ. ಆದರೆ ಅವರಿಗೆ ಕಾಣುವುದು ಹನ್ನೊಂದು ಗಂಟೆಗೆ ಓಡಾಡುವ ನೀವು. ಬೆಳಿಗ್ಗೆ ಆರಕ್ಕೆ ಬೆರಳು ಮಡಚಲು ಆಗದೆ, ಹಾಲಿನ ಪಾತ್ರೆಯನ್ನು ಎರಡೂ ಅಂಗೈ ಮಧ್ಯೆ ಒತ್ತಿ ಹಿಡಿದು ಇಳಿಸುವುದನ್ನು ಅವರು ನೋಡಿಲ್ಲ, ಯಾಕೆಂದರೆ ನೀವು ಯಾರೂ ಏಳುವ ಮೊದಲೇ ಎದ್ದು ಅದನ್ನು ಮುಚ್ಚಿಡುತ್ತೀರಿ. ಹೌದೋ ಅಲ್ಲವೋ? ಮುಚ್ಚಿಡಬೇಡಿ. ‘ನನಗೆ ಬೇಜಾರು’ ಅಂದರೆ ಎಲ್ಲರಿಗೂ ಇರುತ್ತದೆ ಅನ್ನುತ್ತಾರೆ. ಅದರ ಬದಲು ‘ಬೆಳಿಗ್ಗೆ ಒಂದು ತಾಸು ನನ್ನ ಬೆರಳು ಏಳುವುದಿಲ್ಲ, ಕಾಯಿ ತುರಿಯುವುದು, ಮೆಟ್ಟುಗತ್ತಿ ಮುಂದೆ ಕೂರುವುದು ಆಗುವುದಿಲ್ಲ’ ಅನ್ನಿ. ಆ ತಾಸು ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತಿರಿ. ತಿಂಡಿ ಅರ್ಧ ಗಂಟೆ ತಡವಾಗಲಿ. ಮಕ್ಕಳಿದ್ದರೆ ಅವರಿಗೂ ಗೊತ್ತಾಗಲಿ. ಎಸ್ಸೆಸ್ಸೆಲ್ಸಿ ವಯಸ್ಸಿನ ಮಕ್ಕಳಾದರೆ ಅಮ್ಮನ ಮುಖ ನೋಡಿಯೇ ಅರ್ಧ ತಿಳಿದಿರುತ್ತಾರೆ, ಉಳಿದರ್ಧವನ್ನು ಊಹಿಸಿಕೊಂಡು ಹೆದರುತ್ತಾರೆ.

ಮಾರಿಕಾಂಬಾ ಜಾತ್ರೆಗೆ, ಕೊನೆಕೊಯ್ಲಿಗೆ ಮನೆ ತುಂಬುವಾಗ ಏನು ಗತಿ ಅಂತಲೂ ನಿಮಗೆ ಚಿಂತೆ ಇರಬಹುದು. ನೆಂಟರಿಗೆ ಯಜಮಾನರೇ ಮೊದಲೇ ಫೋನ್ ಮಾಡಿ ‘ಈ ಸಲ ಅಡುಗೆಗೆ ಜನ ಹಚ್ಚುತ್ತೇವೆ, ಇವಳಿಗೆ ಆಗುವುದಿಲ್ಲ’ ಅನ್ನಲಿ. ಆ ಮಾತು ನಿಮ್ಮ ಬಾಯಿಂದ ಬರುವುದಕ್ಕಿಂತ ಅವರ ಬಾಯಿಂದ ಬಂದರೆ ಒಳ್ಳೆಯದು.

ಯಜಮಾನರಿಗೆ ಹೇಳಲು ಬಾಯಿ ಬರದಿದ್ದರೆ ಇದನ್ನೇ ಓದಲು ಕೊಡಿ. ಇವತ್ತು ರಾತ್ರಿ ಊಟ ಆದ ಮೇಲೆ ಕೊಡಿ, ನಾಳೆಗೆ ಇಡಬೇಡಿ. ಮನೋವೈದ್ಯರನ್ನು ನೋಡಿ ಬಂದ ಮೇಲೆ ಏನಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.